ಹಳೇ ಕಂಪ್ಯೂಟರ್ ಇರೋರ ಗಮನಕ್ಕೆ

ಎಲ್ರಿಗೂ ನಮಸ್ಕಾರ, ವಿಂಡೋಸ್ 11 ಹಾಕ್ಕೊಳೋಕೆ ಹೋದ್ರೆ ಈ ಪಿಸಿಗೆ ಆಗಲ್ಲ ಅಂತ ಬರ್ತಿದೆ ಅಂತ ಸುಮಾರು ಜನ ಕೇಳ್ತಿದ್ದೀರ. ಅದಕ್ಕೆ ಟಿಪಿಎಂ 2.0 (ಕಂಪ್ಯೂಟರ್ ಒಳಗಿರೋ ಸೆಕ್ಯುರಿಟಿ ಚಿಪ್) ಬೇಕು, ಇಂಟೆಲ್ ಪ್ರೊಸೆಸರ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಈಚೆಗಿಂದೇ ಆಗ್ಬೇಕು, ಅಂದ್ರೆ 2017ಕ್ಕಿಂತ ಮುಂಚಿನ ಮಷೀನು ರ‍್ಯಾಮ್ ಎಷ್ಟೇ ಇರ್ಲಿ ಚೆನ್ನಾಗೇ ಓಡ್ತಿರ್ಲಿ ಲೆಕ್ಕಕ್ಕಿಲ್ಲ, ನಂಗಂತೂ ತುಂಬಾ ಬೇಜಾರಾಗಿದೆ, ಕೆಟ್ಟಿಲ್ಲದ ಕಂಪ್ಯೂಟರನ್ನ ಗುಜರಿಗೆ ಹಾಕು ಅಂದಂಗಾಯ್ತು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಆದ್ರೂ ಗಾಬರಿಯಾಗಿ ಹೊಸದು ತಗೋಬೇಡಿ. ಮೊದ್ಲು ಬಯೋಸಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ಸಲ್ಲಿ) ನೋಡಿ, ಕೆಲವದ್ರಲ್ಲಿ ಟಿಪಿಎಂ ಇದ್ರೂ ಆಫ್ ಆಗಿರತ್ತೆ. ಆಗ್ಲೇ ಇಲ್ಲ ಅಂದ್ರೆ ವಿಂಡೋಸ್ ಬದಲು ಹಾಕ್ಕೊಳೋಕೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇದೆ, ಫ್ರೀ, ಪೆನ್‌ಡ್ರೈವಿಂದ್ಲೇ ಓಡಿಸಿ ನೋಡ್ಬಹುದು. ಇನ್‌ಸ್ಟಾಲ್ ಮಾಡೋಕೆ ಮುಂಚೆ ಫೋಟೋ, ಫೈಲು ಎಲ್ಲಾ ಬ್ಯಾಕಪ್ ತಗೊಳ್ಳಿ, ದಯವಿಟ್ಟು.