ಮಳೆಯ ಅಂಕಿಯ ಜೊತೆ ಅದು ಬಂದ ಹೊತ್ತೂ ಕಾಣಲಿ

ಮಾನ್ಯ ಸಂಪಾದಕರೇ,

2018ರ ಆಗಸ್ಟ್‌ನ ಭೂಕುಸಿತಗಳನ್ನೂ 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನೂ ಕಂಡ ಕೊಡಗಿನವರಿಗೆ, ಸ್ವಯಂಚಾಲಿತ ಮಳೆಮಾಪಕಗಳಿಂದ ಕ್ಷಣಕ್ಷಣವೂ ಹರಿದುಬರುವ ಮಾಹಿತಿಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಹರಿವಿನ ಮೇಲೆಯೇ ಯಾರಾದರೂ ನಿಗಾ ಇಡಬೇಕು.

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ತೋಟದ ಅಂಗಳದ ಮಾಪಕ ನಾಲ್ಕು ಇಂಚು ದಾಟಿತ್ತು. ಮಡಿಕೇರಿಯಲ್ಲಿದ್ದ ನನ್ನ ತಮ್ಮನ ಮೊಬೈಲಿನಲ್ಲಿ ಮಾತ್ರ ನಮ್ಮೂರಿನ ಮಳೆ ಸೊನ್ನೆ ಎಂದೇ ಕಾಣುತ್ತಿತ್ತು. ಕರೆಂಟು ಹೋಗಿ ಟವರ್ ನಿಂತಿದ್ದರಿಂದ ಮಾಹಿತಿಯೇ ಹೋಗಿರಲಿಲ್ಲ. ಮಳೆ ಇಲ್ಲದಿರುವುದೂ ಮಾಹಿತಿ ಇಲ್ಲದಿರುವುದೂ ಒಂದೇ ಅಲ್ಲ.

ಮಾಪಕ ದಾಖಲಿಸಿದ ಸಮಯಕ್ಕೂ ಅದು ಪರದೆಗೆ ಬಂದ ಸಮಯಕ್ಕೂ ಇರುವ ಅಂತರವನ್ನು ಪ್ರತಿ ಕೇಂದ್ರಕ್ಕೂ ಪ್ರತ್ಯೇಕವಾಗಿ ಅಳೆಯಬೇಕು, ಏಕೆಂದರೆ ಸರಾಸರಿ ನಮ್ಮನ್ನು ದಾರಿ ತಪ್ಪಿಸುತ್ತದೆ: ನೂರರಲ್ಲಿ 95 ಕೇಂದ್ರಗಳು ಒಂದು ನಿಮಿಷದಲ್ಲಿ ಮಾಹಿತಿ ಕಳಿಸಿ ಉಳಿದ ಐದು ಎರಡು ಗಂಟೆ ತಡಮಾಡಿದರೂ ಸರಾಸರಿ ವಿಳಂಬ ಸುಮಾರು 7 ನಿಮಿಷವೆಂದೇ ತೋರುತ್ತದೆ, ಆದರೆ ಆ ಐದು ಕೇಂದ್ರಗಳು ಮಳೆ ಹೆಚ್ಚು ಸುರಿಯುವ, ನೆಟ್‌ವರ್ಕ್ ಸಿಗದ ಬೆಟ್ಟದ ಊರುಗಳಲ್ಲಿಯೇ ಇರುವ ಸಂಭವ ಹೆಚ್ಚು. ಸಂಪರ್ಕ ಮರಳಿದಾಗ ಕೂಡಿಟ್ಟ ದಾಖಲೆಗಳು ಒಮ್ಮೆಲೇ ನುಗ್ಗುತ್ತವೆ. ಬಂದ ಸಮಯವನ್ನೇ ಲೆಕ್ಕಕ್ಕೆ ಹಿಡಿದರೆ ನಿನ್ನೆಯ ಮಳೆ ಇಂದಿನದಾಗಿಬಿಡುತ್ತದೆ.

ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಕೊನೆಯ ದಾಖಲೆಯ ಸಮಯವನ್ನು ತೋರಿಸಬೇಕು. ಮೌನವಾದ ಕೇಂದ್ರವನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಕೂಡಲೇ ಆ ಊರಿನ ಗ್ರಾಮ ಪಂಚಾಯಿತಿಗೆ ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆ ಮುಂಗಾರಿಗೆ ಮೊದಲೇ ಆಗಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಕಾಫಿ ಬೆಳೆಗಾರ, ಭಾಗಮಂಡಲ