ನಾರಣಪ್ಪನಿಗೆ ಧ್ವಜ ಹೊದಿಸಿದವರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಮೊದಲ ಪುಟಗಳನ್ನು ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಅದರ ಜೊತೆಗಿದ್ದ ಚಿತ್ರವನ್ನು ಹತ್ತು ಸಲವಾದರೂ ನೋಡಿರಬೇಕು. ಅಗ್ರಹಾರದ ಜಗಲಿ, ಜಗಲಿಯ ಮೇಲೆ ಕಾದಂಬರಿಯಲ್ಲಿ ಸಾಯುವ ನಾರಣಪ್ಪನ ಹೆಣ, ಹೆಣದ ಮೇಲೆ ತ್ರಿವರ್ಣ ಧ್ವಜ. ಹಸಿರು ತಲೆಯ ಕಡೆಗೆ, ಕೇಸರಿ ಕಾಲಿನ ಕಡೆಗೆ.

ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ವಿಭಾಗದಲ್ಲಿ 2006ರಿಂದ 2019ರವರೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತವಳು ನಾನು. ಮೇಜಿನ ಮೇಲಿಡುವ 6 ಅಂಗುಲದ ಪುಟ್ಟ ಧ್ವಜದಿಂದ ಹಿಡಿದು 21 ಅಡಿ ಉದ್ದ, 14 ಅಡಿ ಅಗಲದ ದೊಡ್ಡ ಧ್ವಜದವರೆಗೆ ಒಂಬತ್ತು ಅಳತೆಗಳು ಈಗಲೂ ಬೆರಳಿಗೆ ನೆನಪಿವೆ. ಬಟ್ಟೆ ಬಾಗಲಕೋಟೆಯ ಕಡೆಯ ತುಳಸಿಗೇರಿಯಿಂದ ಬರುತ್ತಿತ್ತು. ಚಕ್ರದ 24 ಗೆರೆಗಳು ಎರಡೂ ಮಗ್ಗುಲಿಗೆ ಒಂದರ ಹಿಂದೆ ಒಂದು ಸರಿಯಾಗಿ ಕೂಡದಿದ್ದರೆ ಆ ತುಂಡು ಹೊರಗೆ. ಹಾಗಾಗಿ ಧ್ವಜ ತಲೆಕೆಳಗಾಗಿರುವುದನ್ನು ಕಂಡರೆ ನನಗೆ ಊಟ ಸೇರುವುದಿಲ್ಲ. ಶವದ ಮೇಲೆ ಹೊದಿಸುವಾಗ ಕೇಸರಿ ತಲೆಯ ಕಡೆಗೇ ಬರಬೇಕೆಂದು ಧ್ವಜ ಸಂಹಿತೆಯಲ್ಲಿ ಬರೆದಿದೆ. ಸರ್ಕಾರಿ, ಸೇನಾ, ಅರೆಸೇನಾ ಗೌರವದ ಅಂತ್ಯಕ್ರಿಯೆಯನ್ನು ಬಿಟ್ಟು ಬೇರೆಲ್ಲೂ ಅದನ್ನು ಹೊದಿಕೆಯಾಗಿ ಬಳಸುವಂತಿಲ್ಲ, 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. ಹೆಂಡ ಕುಡಿದು, ಮಾಂಸ ತಿಂದು, ಕೆಳಜಾತಿಯ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡು ಇಡೀ ಅಗ್ರಹಾರಕ್ಕೆ ಬೇಡವಾಗಿದ್ದ ನಾರಣಪ್ಪನಿಗೆ ಸರ್ಕಾರಿ ಗೌರವ ಮಂಜೂರು ಮಾಡಿದ ಜಿಲ್ಲಾಧಿಕಾರಿ ಯಾರು ಸ್ವಾಮಿ?

ಚಿತ್ರಕಾರರನ್ನು ಮಾತ್ರ ಬೈದರೆ ತಪ್ಪಾಗುತ್ತದೆ. ಲೇಖನದಲ್ಲಿ ಇದ್ದುದನ್ನೇ ಅವರು ಬರೆದಿದ್ದಾರೆ. ‘ಕಾದಂಬರಿ ಒಂದು ಸಾವಿನಿಂದ ಆರಂಭವಾಗುತ್ತದೆ, ಕೊಳೆಯುತ್ತಿರುವ ಆ ಹೆಣವೇ ಭಾರತ’ ಎಂಬುದು ಲೇಖಕರ ವಾದ. ಸಾಕ್ಷಿಗೆ ಇಂಗ್ಲಿಷ್ ಲೇಖಕ ವಿ.ಎಸ್. ನೈಪಾಲರನ್ನು ಕರೆದು ನಿಲ್ಲಿಸಿದ್ದಾರೆ. ನೈಪಾಲರು 1977ರ ತಮ್ಮ ಪುಸ್ತಕದಲ್ಲಿ ಈ ಕಾದಂಬರಿಯನ್ನು ಮುಂದಿಟ್ಟುಕೊಂಡು ಹಿಂದೂ ಭಾರತದ ಮನಸ್ಸಿನ ಬಗ್ಗೆ ತೀರ್ಪು ಕೊಟ್ಟದ್ದು ನಿಜ. ಅವರು ಓದಿದ್ದು ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದವನ್ನು. ನಮ್ಮವರು ಕನ್ನಡದಲ್ಲಿ, ಅದೂ 1965ರಲ್ಲಿ ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯೇ ಅಚ್ಚು ಹಾಕಿದ ಪುಸ್ತಕವನ್ನು ಓದಿ, ಮೊದಲ ಪ್ಯಾರಾವನ್ನೇ ದಾಟಿಬಿಟ್ಟರೆ ಹೇಗೆ?

ಮೊದಲ ಪ್ಯಾರಾದಲ್ಲಿ ಯಾರೂ ಸತ್ತಿಲ್ಲ. ಅಲ್ಲಿರುವುದು ಒಂದು ಸ್ನಾನ. ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ರೋಗಿಷ್ಠ ಹೆಂಡತಿ ಭಾಗೀರಥಿಯ ಒಣಗಿದ ಮೈಗೆ ನೀರೆರೆದು ಮಡಿ ಉಡಿಸುತ್ತಾರೆ. ಪೂಜೆ ಮುಗಿಸಿ ಅವಳ ಮುಡಿಗೆ ಹೂವಿಟ್ಟು ತೀರ್ಥ ಕೊಡುತ್ತಾರೆ. ಒಳಗಿನಿಂದ ರವೆಯ ಗಂಜಿ ತಂದು ಕುಡಿಸುತ್ತಾರೆ. ಅವಳು ಗಂಡನ ಊಟ ತಡವಾಯಿತೆಂದು ಚಿಂತೆ ಮಾಡುತ್ತಾಳೆ. ಆಚಾರ್ಯರು ಹಸುವಿಗೆ ಹುಲ್ಲು ಹಾಕಿ ಒಳಗೆ ಬರುವಷ್ಟರಲ್ಲಿ ಅಂಗಳದಿಂದ ಚಂದ್ರಿಯ ದನಿ ಕೇಳಿಸುತ್ತದೆ. ಅವಳೊಡನೆ ಮಾತಾಡಿದರೆ ಮೈಲಿಗೆ, ಊಟಕ್ಕೆ ಮುಂಚೆ ಮತ್ತೆ ಮೀಯಬೇಕು. ಹೆಣ್ಣೊಬ್ಬಳು ಅಂಗಳದಲ್ಲಿ ಕಾದು ನಿಂತಿರುವಾಗ ತುತ್ತು ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಸಾವಿನ ಸುದ್ದಿ ಬರುವುದು ಇಷ್ಟೆಲ್ಲ ಆದ ಮೇಲೆ.

ಬಿ.ಎ. ಓದುತ್ತಿರುವ ಮೊಮ್ಮಗಳಿಗಾಗಿ ತಂದ ಪುಸ್ತಕ ಅದು. ಒಂದು ಮಧ್ಯಾಹ್ನ ಕಾಳು ಹಸನು ಮಾಡುತ್ತ ಮೊದಲ ಪುಟ ತೆರೆದವಳು ಮೊರವನ್ನು ಬದಿಗಿಟ್ಟೆ. ನನ್ನ ಅತ್ತೆ ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಯಂತ್ರದ ಮುಂದೆ ಕೂರಬೇಕು, ಅದಕ್ಕೆ ಮುಂಚೆ ಅವರ ಮೈ ತೊಳೆಯಬೇಕು. ಬೆನ್ನು ಹುಣ್ಣಾಗದಂತೆ ಮಗ್ಗುಲು ಹೊರಳಿಸುವುದು, ಕಂಕುಳಿಗೆ ಪುಡಿ ಹಾಕುವುದು, ಚಮಚದಲ್ಲಿ ಗಂಜಿ ಬಿಡುವುದು. ನಿತ್ಯ ಮುಟ್ಟಿದ ಮೈ ಎಂದರೆ ಏನೆಂಬುದು ಆ ಪ್ಯಾರಾ ಬರೆದವರಿಗೆ ಗೊತ್ತಿತ್ತು. ಆಚಾರ್ಯರ ಸೇವೆಯಲ್ಲಿ ಪುಣ್ಯದ ಲೆಕ್ಕವೂ ಇತ್ತು, ಒಪ್ಪುತ್ತೇನೆ. ನನ್ನ ಸೇವೆಯಲ್ಲಿ ಸಿಟ್ಟಿತ್ತು. ಆದರೂ ಮೈ ತೊಳೆದದ್ದು ತೊಳೆದದ್ದೇ.

ಅತ್ತೆ 2011ರ ಶ್ರಾವಣದಲ್ಲಿ ಲಿಂಗೈಕ್ಯರಾದರು. ನಮ್ಮಲ್ಲಿ ಸುಡುವುದಿಲ್ಲ, ವಿಭೂತಿ ಹಚ್ಚಿ ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ‘ಮರಣವೇ ಮಹಾನವಮಿ’ ಎಂದು ಹಾಡುತ್ತ ಭಜನೆಯವರು ಅಂಗಳದಲ್ಲಿದ್ದರೆ, ಒಳಕೋಣೆಯಲ್ಲಿ ಇಬ್ಬರು ನಾದಿನಿಯರು ಅವರ ಬುಗುಡಿಗಳಿಗಾಗಿ ದನಿ ತಗ್ಗಿಸಿ ಜಗಳವಾಡುತ್ತಿದ್ದರು. ಮಳೆ ಬಂದು ಕುಣಿಯಲ್ಲಿ ನೀರು ನಿಂತಿತ್ತು, ಅದನ್ನು ಎತ್ತಿ ಹಾಕಲು ಬಕೆಟ್ ಹಿಡಿದು ಮೊದಲು ಇಳಿದವನು ಓಣಿಯ ಕೊನೆಯ ಮನೆಯ ಮುಸ್ಲಿಂ ಹುಡುಗ. ಚಂದ್ರಿ ತನ್ನ ಬಂಗಾರವನ್ನು ಬಿಚ್ಚಿ ಆಚಾರ್ಯರ ಮುಂದಿಟ್ಟು, ಇದರಿಂದ ಸಂಸ್ಕಾರ ಮಾಡಿ ಎಂದಾಗ ಬ್ರಾಹ್ಮಣರ ಕಣ್ಣು ಹೊಳೆಯುವ ಭಾಗ ಓದಿದಾಗ ನನಗೆ ಅಗ್ರಹಾರ ದೂರದ್ದೆನಿಸಲಿಲ್ಲ. ಬುಗುಡಿಗಳ ಮೇಲೆ ನನಗೂ ಕಣ್ಣಿತ್ತು. ಮೈ ತೊಳೆದವಳಿಗೆ ಬರಬೇಕಲ್ಲವೇ ಎಂದುಕೊಂಡಿದ್ದೆ. ಬರಲಿಲ್ಲ, ಅದು ಬೇರೆ ಮಾತು.

ಇನ್ನು ದೇಶದ ಮಾತು. ಸಾವಿನ ಮನೆಗೆ ದೇಶ ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನ ಹಿಮದಡಿ ಆರು ದಿನ ಜೀವ ಹಿಡಿದಿದ್ದು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಕ್ರೀಡಾಂಗಣದಲ್ಲಿ ದರ್ಶನಕ್ಕಿಟ್ಟಾಗ ನಾನೂ ಸಾಲಿನಲ್ಲಿ ನಿಂತಿದ್ದೆ. ಸುತ್ತಲಿನವರೆಲ್ಲ ಘೋಷಣೆ ಕೂಗುತ್ತಿದ್ದರು. ಪೆಟ್ಟಿಗೆ ಹತ್ತಿರವಾದಾಗ ನನ್ನ ಕಣ್ಣು ಧ್ವಜದ ಹೊಲಿಗೆಯನ್ನು ಹುಡುಕುತ್ತಿತ್ತು. ಹಾಗೆ ಹುಡುಕಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಏನು ಮಾಡುವುದು, ಹೊಲಿಯುವವರ ಕಣ್ಣು.

ಅದೇ ಸಂಹಿತೆಯಲ್ಲಿ ಇನ್ನೊಂದು ಸಾಲಿದೆ, ಲೇಖಕರು ಅದನ್ನು ಓದಿದ್ದರೆ ಚೆನ್ನಾಗಿತ್ತು. ಧ್ವಜವನ್ನು ಕುಣಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಕುಣಿಯ ಅಂಚಿನವರೆಗೆ ಬಂದ ದೇಶ ಅಲ್ಲಿ ತನ್ನ ಬಟ್ಟೆಯನ್ನು ತೆಗೆದು, ಮಡಿಸಿ, ಮನೆಯವರ ಕೈಗೆ ಕೊಡುತ್ತದೆ. ಅಲ್ಲಿಂದ ಮುಂದಿನ ಕೆಲಸ ಕೈಗಳದ್ದು, ಯಾರ ಕೈ ಎಂಬುದೇ ಪ್ರಶ್ನೆ. ಕಾದಂಬರಿಯ ಅಗ್ರಹಾರವಾದ ದೂರ್ವಾಸಪುರದಲ್ಲಿ, ನಾರಣಪ್ಪನ ಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಧರ್ಮಶಾಸ್ತ್ರದ ತಾಳೆಗರಿಗಳಲ್ಲಿ ಉತ್ತರ ಸಿಗಲಿಲ್ಲ, ಮಾರುತಿಯೂ ಎಡಬಲ ಯಾವ ಪ್ರಸಾದವನ್ನೂ ಕೊಡಲಿಲ್ಲ. ಹೆಣ ಸಾಗಿಸಲು ಚಂದ್ರಿ ಕೇಳಿದಾಗ ಗಾಡಿಯ ಶೇಷಪ್ಪ ಒಲ್ಲೆನೆಂದ. ಎತ್ತು ಕೊಳ್ಳಲು ನಾರಣಪ್ಪ ಒಮ್ಮೆ ಸಾಲ ಕೊಟ್ಟಿದ್ದನೆಂಬ ಋಣಕ್ಕೆ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ ಗಾಡಿ ಕಟ್ಟಿದ, ಸೌದೆ ತಂದ, ಚಂದ್ರಿಯ ಜೊತೆ ಕತ್ತಲಲ್ಲಿ ಹೆಣ ಸುಟ್ಟು ಮುಗಿಸಿದ. ಅಗ್ರಹಾರದವರಿಗೆ ಅದು ತಿಳಿಯಲೇ ಇಲ್ಲ, ಅವರ ಚರ್ಚೆ ಮುಂದುವರಿದೇ ಇತ್ತು. ಈ ಕಾದಂಬರಿಯಲ್ಲಿ ದೇಶವನ್ನು ಹುಡುಕಲೇಬೇಕೆಂದಿದ್ದರೆ ಆ ಗಾಡಿಯಲ್ಲಿ ಹುಡುಕಬಹುದಿತ್ತು. ನಿಮ್ಮ ಲೇಖನದಲ್ಲಿ ಬ್ಯಾರಿಯ ಹೆಸರೇ ಇಲ್ಲ. ಭಾಗೀರಥಿಯ ಹೆಸರು ಒಂದು ಕಡೆ ಬಂದಿದೆ, ಅದೂ ‘ಆಚಾರ್ಯರ ರೋಗಗ್ರಸ್ತ ಪತ್ನಿ’ ಎಂಬ ಕಂಸದೊಳಗೆ.

ಲೇಖಕರು ದೊಡ್ಡ ಓದುಗರು, ಅವರ ಬೇರೆ ಬರಹಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅಧ್ಯಾತ್ಮದ ಬಗ್ಗೆ ಅವರು ಬರೆದ ಭಾಗಕ್ಕೆ ನನ್ನ ತಕರಾರಿಲ್ಲ, ಅಷ್ಟು ಓದಿದವಳೂ ನಾನಲ್ಲ. ಧ್ವಜದ ತಪ್ಪಿಗೆ ಒಂದು ತಿದ್ದುಪಡಿ ಹಾಕಿ, ಅಷ್ಟು ಸಾಕು. ಚಿತ್ರಕಾರರಿಗೂ ಒಂದು ಮಾತು ತಿಳಿಸಿ. ಮುಂದೆ ಎಂದಾದರೂ ಈ ಪುಸ್ತಕದ ಮೊದಲ ಪುಟಕ್ಕೆ ಚಿತ್ರ ಬರೆಯುವುದಿದ್ದರೆ ಗಂಜಿಯ ಬಟ್ಟಲನ್ನು ಬರೆಯಲಿ. ಗಂಜಿ ತೆಳ್ಳಗಿರಲಿ. ಹಾಸಿಗೆ ಹಿಡಿದವರಿಗೆ ಗಟ್ಟಿಯಾದದ್ದು ಗಂಟಲಲ್ಲಿ ಇಳಿಯುವುದಿಲ್ಲ.

ಇಂತಿ,
ಒಬ್ಬ ನಿವೃತ್ತ ಧ್ವಜ ಹೊಲಿಗೆಗಾರ್ತಿ
ಬೆಂಗೇರಿ, ಹುಬ್ಬಳ್ಳಿ