ಶಾಲಷ್ಟೇ ಸಾಲದು, ಸಂಭಾವನೆಯೂ ಬೇಕು

ಮಾನ್ಯರೇ,

ಉಡುಪಿಯ ನಮ್ಮ ಬಡಾವಣೆಯ ವಾರ್ಷಿಕೋತ್ಸವಕ್ಕೆ ತಾವೇ ಪದ ಕಟ್ಟಿ, ತಾವೇ ರಾಗ ಹಾಕಿ ಹಾಡುವ ಯುವ ಗಾಯಕಿಯೊಬ್ಬರು ಬಂದಿದ್ದರು. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಅಜ್ಜಿಯಂದಿರು ಹೇಳುತ್ತಿದ್ದ ತುಳು ಜನಪದ ಹಾಡು ಪಾಡ್ದನದ ಧಾಟಿ, ಮಾತು ಮಾತ್ರ ಇವತ್ತಿನದು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಗೆ ಅವರಿಗೆ ಸಿಕ್ಕಿದ್ದು ಶಾಲು, ಹಣ್ಣಿನ ಬುಟ್ಟಿ. ಶಾಮಿಯಾನದವರಿಗೆ, ಮೈಕಿನವರಿಗೆ ಮುಂಗಡ ಕೊಟ್ಟಿದ್ದ ನಾವು ಗಾಯಕಿಯ ಬಸ್ ಖರ್ಚನ್ನೂ ವಿಚಾರಿಸಲಿಲ್ಲ. ಗಿಟಾರ್ ಹೆಗಲಿಗೇರಿಸಿ ಮಂಗಳೂರಿನ ಕೊನೆಯ ಬಸ್ಸಿಗೆ ಓಡಿದರು. ಸಮಿತಿಯಲ್ಲಿದ್ದ ನನಗೆ ಇನ್ನೂ ನಾಚಿಕೆಯಾಗುತ್ತಿದೆ.

ಹಾಡು ಬರೆದವರ ರಾಯಧನದ (ರಾಯಲ್ಟಿ) ಪಾಲಿಗೆ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಬಲ ಕೊಟ್ಟಿದೆ, ನಿಜ. ಆದರೆ ಸಂಗೀತ ಕಂಪನಿಯ ಬೆಂಬಲವಿಲ್ಲದ ಇಂಥವರ ಮನೆ ನಡೆಯಬೇಕಾದ್ದು ವೇದಿಕೆಯಿಂದಲೇ. ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮೊದಲೇ ಸಂಘಟಕರು ಸಂಭಾವನೆ ಮಾತಾಡಿ ಮುಗಿಸಲಿ.

– ಓದುಗ, ಉಡುಪಿ